ಕಪ್ಪಾದ ಬೆಳ್ಳಿ ಮಲ್ಲಿಗೆ

ವಿಜಯಪುರದ ನಮ್ಮ ಲಗ್ನಪತ್ರಿಕೆ ಅಂಗಡಿಗೆ ಎರಡು ಭಾಗ. ಮುಂದಿನದು ನಮ್ಮ ಮನೆಯವರದು. ಅಲ್ಲಿ ಮಾದರಿ ಪತ್ರಿಕೆಗಳ ಕಟ್ಟು, ಕುರ್ಚಿ, ಚಹಾ, ಹರಟೆ ಎಲ್ಲ ಉಂಟು. ಹಿಂದಿನ ಕೋಣೆ ನನ್ನದು. ಅಲ್ಲಿ ಫ್ಯಾನಿಲ್ಲ, ಬಂದವರನ್ನು ಕೂಡಿಸಲು ಜಾಗವಿಲ್ಲ, ನಾನು ಕೆಲಸದಲ್ಲಿದ್ದಾಗ ಬಾಗಿಲು ತೆಗೆದವರಿಗೆ ಮರ್ಯಾದೆಯೂ ಇಲ್ಲ. ಕಾಗದದ ಮೇಲೆ ಹೂವು ಉಬ್ಬಿಸುವ ಕೆಲಸ ಉಸಿರು ಬಿಗಿಹಿಡಿದು ಮಾಡುವಂಥದ್ದು, ಅದಕ್ಕೇ ಹೀಗೆ, ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ನನ್ನ ಕೈಯಿಂದ ಕೆಟ್ಟ ಕೆಲಸ ಹೊರಗೆ ಹೋಯಿತೆಂದರೆ ಅನ್ನ ಸೇರುವುದಿಲ್ಲ.

ತಿಕೋಟಾದ ಅಣ್ಣ ಆ ಬಾಗಿಲು ತಳ್ಳಿಕೊಂಡು ಬಂದದ್ದು ಎಳ್ಳ ಅಮಾವಾಸ್ಯೆಗೆ ಮುಂಚೆ. ಅವರು ನನ್ನ ಅಣ್ಣನಲ್ಲ; ಈ ಕಥೆಯಲ್ಲಿ ಅವರ ಕೆಲಸ ಅಣ್ಣನದ್ದೇ ಆದ್ದರಿಂದ ಹಾಗೆ ಕರೆಯುತ್ತೇನೆ. ಒಣದ್ರಾಕ್ಷಿ ವ್ಯಾಪಾರಸ್ಥರು. ಮಗಳ ಮದುವೆ ಗೊತ್ತಾಗಿತ್ತು, ಪತ್ರಿಕೆ ಅಚ್ಚು ಹಾಕಿಸಲು ಮುಂದಿನ ಅಂಗಡಿಗೆ ಬಂದವರು, ಅಲ್ಲಿ ಕೆಲಸ ಮುಗಿಸಿ, ನಮ್ಮ ಮನೆಯವರು ಬೇಡ ಬೇಡ ಎನ್ನುತ್ತಿದ್ದರೂ ಒಳಗೆ ಬಂದು ನನ್ನ ಕಾಗದದ ಪೆಟ್ಟಿಗೆಯ ಮೇಲೆ ಕೂತರು. ನಾನು ಏನಾದರೂ ಅನ್ನುವುದರೊಳಗೆ ಅವರು ಮಾತು ಶುರು ಮಾಡಿದ್ದರು.

ಬಬಲೇಶ್ವರದಲ್ಲಿ ಅವರ ತಂಗಿ ಇದ್ದಾರೆ. ಒಬ್ಬಳೇ ತಂಗಿ. ಯಾವುದೋ ಸಣ್ಣ ಮಾತು ದೊಡ್ಡದಾಗಿ, ಎಷ್ಟೋ ವರ್ಷಗಳಿಂದ ಹೋಗುವುದಿಲ್ಲ, ಬರುವುದಿಲ್ಲ. ಈಗ ಮನೆಯಲ್ಲಿ ಮದುವೆ. ಸೋದರತ್ತೆ ಮಾಡಬೇಕಾದ ಶಾಸ್ತ್ರಗಳನ್ನು ಬೇರೆ ಯಾರ ಕೈಯಿಂದ ಮಾಡಿಸಿದರೂ ಆ ಮದುವೆಯ ಹಂದರ ಹಂದರ ಅನ್ನಿಸುವುದಿಲ್ಲ. ಒಮ್ಮೆಲೇ ಲಗ್ನಪತ್ರಿಕೆ ಕಳಿಸಿದರೆ ತಂಗಿ ಅದನ್ನು ಮೂಲೆಗೆ ಒಗೆಯುತ್ತಾಳೆ ಎಂದು ಅವರ ಅಂಜಿಕೆ. ಅದಕ್ಕೆ ಮೊದಲು ಸಂಕ್ರಮಣದ ನೆಪದಲ್ಲಿ ಒಂದು ಹೆಜ್ಜೆ ಇಡಬೇಕು.

“ಸಣ್ಣವರಿದ್ದಾಗ ಸಂಕ್ರಮಣಕ್ಕ ಗ್ರೀಟಿಂಗ್ ಕೊಡ್ತಿದ್ವಿ ನೋಡ್ರಿ, ಕುಸುರೆಳ್ಳಿನ ಪುಡಕಿ ಕಟ್ಟಿ. ಹಂಗ ಒಂದು ಮಾಡಿಕೊಡ್ರಿ ಅಕ್ಕಾರ. ಅಂಗಡ್ಯಾಗ ಸಿಗೂದು ಬ್ಯಾಡ, ಕೈಲೆ ಮಾಡಿದ್ದ ಆಗಬೇಕು,” ಎಂದರು. “ಆಕಿ ಅದನ್ನ ನೋಡಿ ತವರಮನಿಗೆ ಬರಬೇಕು. ಮತ್ತೇನೂ ಬ್ಯಾಡ ನನಗ.”

ನಮ್ಮ ಕಡೆ ಬೆಳೆದವರಿಗೆ ಆ ಗ್ರೀಟಿಂಗ್ ಬಿಡಿಸಿ ಹೇಳಬೇಕಿಲ್ಲ. ಎಳ್ಳಿಗೆ ಸಣ್ಣ ಉರಿಯಲ್ಲಿ ಸಕ್ಕರೆ ಪಾಕ ಹನಿಸಿ ಹನಿಸಿ ಮುಳ್ಳೇಳಿಸಿದ ಕುಸುರೆಳ್ಳು, ಅದರ ಒಂದು ಚಿಟಿಕೆ ಕಟ್ಟಿದ ಪುಟ್ಟ ಪೊಟ್ಟಣ ಅಂದರೆ ಪುಡಕೆ, ಅದನ್ನು ಹೊಲಿದ ಅಂಗೈ ಅಗಲದ ಕಾರ್ಡು. ಜಗಳವಾಡಿದ ಗೆಳತಿಗೂ ಅದನ್ನು ಕೊಟ್ಟರೆ ಆಕೆ ಬೇಡ ಅನ್ನುವಂತಿರಲಿಲ್ಲ. ನನಗೂ ಹಳೆಯದೆಲ್ಲ ನೆನಪಾಗಿ ಒಪ್ಪಿಕೊಂಡೆ. ತಂಗಿಗೆ ಯಾವ ಹೂವು ಇಷ್ಟ ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡರು. ನೆನಪಿಲ್ಲ ಎಂದರು. ಯಾವುದಾದರೂ ಹಾಕಿ, ಮಲ್ಲಿಗೆ ಹಾಕಿ, ಹೆಣ್ಣುಮಕ್ಕಳಿಗೆ ಮಲ್ಲಿಗೆ ಯಾಕೆ ಬೇಡವಾಗುತ್ತದೆ ಎಂದು ನಕ್ಕರು. ನಾನೂ ನಕ್ಕು ಮಲ್ಲಿಗೆ ಎಂದು ಬರೆದುಕೊಂಡೆ.

ಮಲ್ಲಿಗೆ ಕಾಗದದ ಮೇಲೆ ಸುಲಭದ ಹೂವಲ್ಲ. ಗುಲಾಬಿಗೆ ಎಸಳಿನ ಮೇಲೆ ಎಸಳು ಇರುತ್ತದೆ, ಒಂದು ತಪ್ಪಿದರೆ ಇನ್ನೊಂದು ಮುಚ್ಚುತ್ತದೆ. ದುಂಡುಮಲ್ಲಿಗೆಯ ಎಸಳು ಚಿಕ್ಕದು, ಅಂಚು ನುಣುಪು, ತಪ್ಪಿಗೆ ಅಡಗುವ ಜಾಗವೇ ಇಲ್ಲ. ಮೂರು ಅರಳಿದ ಹೂ, ಒಂದು ಕೊಂಬೆ, ತುದಿಗೆ ಮೊಗ್ಗುಗಳು ಎಂದು ಚಿತ್ರ ಬರೆದೆ. ಹಳೆಯ ಎಕ್ಸ್‌ರೇ ಹಾಳೆಯನ್ನು ಬಿಸಿನೀರಿನಲ್ಲಿ ನೆನೆಸಿ ಕಪ್ಪು ಲೇಪ ತಿಕ್ಕಿ ತೆಗೆದರೆ ಒಳ್ಳೆಯ ಅಚ್ಚಿನ ಹಾಳೆ ಸಿಗುತ್ತದೆ. ಗಟ್ಟಿ, ಆದರೆ ಬ್ಲೇಡಿಗೆ ಬಗ್ಗುತ್ತದೆ. ಅದರಲ್ಲಿ ಎಸಳುಗಳನ್ನು ಒಂದೊಂದಾಗಿ ಕೊರೆದೆ. ಎಸಳಿಗೂ ಎಸಳಿಗೂ ನಡುವೆ ಕೂದಲೆಳೆಯಷ್ಟು ಪಟ್ಟಿ ಬಿಡಬೇಕು. ಬಿಡದಿದ್ದರೆ ಹೂವೆಲ್ಲ ಕೂಡಿ ಒಂದು ಮುದ್ದೆಯಾಗುತ್ತದೆ.

ಉಬ್ಬಿಸುವುದು ಹಿಂದಿನಿಂದ. ಗಾಜಿನ ಹಲಗೆಯ ಕೆಳಗೆ ದೀಪ, ಮೇಲೆ ಅಚ್ಚು, ಅದರ ಮೇಲೆ ಕಾಗದವನ್ನು ಬೋರಲು ಹಾಕಬೇಕು. ಬೆಳಕಿನಲ್ಲಿ ಅಚ್ಚಿನ ಅಂಚು ಕಾಣುತ್ತದೆ. ದುಂಡು ತುದಿಯ ಉಕ್ಕಿನ ಕಡ್ಡಿಯಿಂದ ಆ ಅಂಚಿನ ಗುಂಟ ಒತ್ತುತ್ತ ಹೋದರೆ ಕಾಗದ ಅಚ್ಚಿನ ತಗ್ಗಿಗೆ ಇಳಿಯುತ್ತದೆ. ತಿರುಗಿಸಿ ನೋಡಿದರೆ ಮುಂದಿನ ಬದಿಗೆ ಹೂವು ಎದ್ದಿರುತ್ತದೆ. ಕಡ್ಡಿ ಜಾರಲೆಂದು ಕಾಗದದ ಬೆನ್ನಿಗೆ ಮೇಣದ ಬತ್ತಿ ಸವರುತ್ತೇನೆ. ಹೇಳಲು ಇಷ್ಟೇ. ನಮ್ಮ ಊರಿನ ಚಳಿಗಾಲದ ಒಣ ಗಾಳಿಯಲ್ಲಿ ಮಾತ್ರ ಹತ್ತಿಯ ಕಾಗದವೂ ಹಪ್ಪಳದ ಹಾಗೆ ಆಗಿರುತ್ತದೆ. ಮೊದಲ ಕಾರ್ಡಿನ ಎರಡನೇ ಹೂವಿನಲ್ಲೇ ಎಸಳಿನ ತುದಿ ಟಪ್ಪೆಂದು ಸೀಳಿತು. ಇನ್ನೊಂದು ಹಾಳೆ ತೆಗೆದುಕೊಂಡೆ, ಅದೂ ಸೀಳಿತು. ಆಮೇಲೆ ಒದ್ದೆ ಬಟ್ಟೆ ಹಿಂಡಿ, ಅದರ ಮಡಿಕೆಯಲ್ಲಿ ಕಾಗದವನ್ನು ಸ್ವಲ್ಪ ಹೊತ್ತು ಮಲಗಿಸಿ, ತಣ್ಣಗಾದರೂ ತೊಯ್ಯದ ಹದಕ್ಕೆ ತಂದು, ಒಮ್ಮೆಗೇ ಒತ್ತದೆ ಮೂರು ನಾಲ್ಕು ಸಲ ಮೆಲ್ಲಗೆ ಒತ್ತಿ ಆಳ ಮಾಡಿದೆ. ಆಗ ಹೂವು ಒಡೆಯದೆ ಎದ್ದಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ಇಷ್ಟು ದಿನಕ್ಕೆ ಗಿಡ ನೆಟ್ಟಿದ್ದರೂ ಹೂ ಬಿಡುತ್ತಿತ್ತು ಎಂದು ಕುಶಾಲು ಮಾಡಿ ಹೋದರು.

ಬಿಳಿ ಕಾಗದದ ಮೇಲೆ ಬಿಳಿ ಹೂವು. ಬೆಳಕು ಓರೆಯಾಗಿ ಬಿದ್ದಾಗ ಎಸಳಿನ ನೆರಳು ಎಸಳಿನ ಮೇಲೆ ಬೀಳುತ್ತಿತ್ತು. ನನಗಂತೂ ಇನ್ನೇನೂ ಬೇಡ ಅನ್ನಿಸಿತು. ಅಣ್ಣ ಬಂದಾಗ ಹೆಮ್ಮೆಯಿಂದ ಕೈಗೆ ಕೊಟ್ಟೆ. ಅವರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬಾಗಿಲ ಬೆಳಕಿಗೆ ಒಯ್ದರು.

“ಹೂವ ಎಲ್ಲೈತ್ರಿ?”

ಅವರ ಕಣ್ಣಿಗೆ ಪೊರೆ ಬಂದಿತ್ತು. ಮದುವೆ ಮುಗಿಸಿ ಆಪರೇಷನ್ ಮಾಡಿಸುವವರಿದ್ದರು. ನಾನು ಅವರ ಬೆರಳು ಹಿಡಿದು ಎಸಳಿನ ಮೇಲೆ ಇಟ್ಟೆ. ಹೌದು ಹೌದು ಎಂದು ತಲೆಯಾಡಿಸಿದರು. ಆದರೆ ತಂಗಿಗೂ ವಯಸ್ಸಾಗಿದೆ, ಮುಟ್ಟಿ ನೋಡುವ ತನಕ ಆಕೆಗೆ ತಾಳ್ಮೆ ಎಲ್ಲಿ, ಪೆಟ್ಟಿಗೆ ತೆಗೆದ ಕೂಡಲೇ ಹೂವು ಫಳಫಳ ಹೊಳೆಯಬೇಕು ಎಂದರು. ಒಳಗೊಳಗೇ ಉರಿದರೂ ಅವರ ಮಾತಿನಲ್ಲಿ ನ್ಯಾಯವಿತ್ತು.

ಹೊಳೆಯಿಸುವುದಕ್ಕೆ ಸಾಮಾನ್ಯ ದಾರಿ ಬಿಸಿ ಉಬ್ಬು. ನಿಧಾನವಾಗಿ ಆರುವ ಶಾಯಿಯನ್ನು ಹಚ್ಚಿ, ಅದರ ಮೇಲೆ ಬಣ್ಣದ ಪುಡಿ ಸುರಿದು, ಹೆಚ್ಚಿನದನ್ನು ತಟ್ಟಿ ಉದುರಿಸಿ, ಬಿಸಿಗಾಳಿಯ ಗನ್ನು ಹಿಡಿದರೆ ಪುಡಿ ಕರಗಿ ಮಿರುಗುತ್ತ ಎದ್ದು ನಿಲ್ಲುತ್ತದೆ. ಎಲೆಗೂ ಕೊಂಬೆಗೂ ಹಸಿರು ಪುಡಿಯಲ್ಲಿ ಹಾಗೇ ಮಾಡಿದೆ. ಶಾಯಿ ಇಲ್ಲದ ಕಡೆಯೂ ಪುಡಿ ಅಂಟಿಕೊಳ್ಳುವ ಕಾಟ ತಪ್ಪಿಸಲು ಮೊದಲೇ ಮುಖಕ್ಕೆ ಹಚ್ಚುವ ಪೌಡರನ್ನು ಕಾಗದದ ಮೇಲೆ ಹಗುರಾಗಿ ಆಡಿಸಿದ್ದೆ. ಎಲೆ ಚೆನ್ನಾಗಿ ಬಂತು. ಹೂವಿಗೆ ಬೆಳ್ಳಿ ಬಣ್ಣದ ಪುಡಿ ಹಾಕಿ ಕಾಯಿಸಿದರೆ, ಅಡುಗೆಮನೆಯ ಸ್ಟೀಲಿನ ತಾಟಿನ ಬಣ್ಣ ಬಂತು. ಮೇಲಾಗಿ ಆ ದಪ್ಪ ಪದರದ ಕೆಳಗೆ ನಾನು ಅಷ್ಟು ಕಷ್ಟಪಟ್ಟು ಎಬ್ಬಿಸಿದ ಎಸಳಿನ ಅಂಚು ಮುಚ್ಚಿಹೋಯಿತು. ಆ ಕಾರ್ಡನ್ನು ಹರಿದು ಹಾಕಿದೆ.

ವರಕು ಹೊಳೆದದ್ದು ಆಗ. ಮಿಠಾಯಿಯ ಮೇಲೆ ಹಚ್ಚುತ್ತಾರಲ್ಲ, ಆ ಬೆಳ್ಳಿಯ ಹಾಳೆ. ಅಪ್ಪಟ ಬೆಳ್ಳಿ, ಉಸಿರಿಗೇ ಹಾರುವಷ್ಟು ತೆಳು. ಉಬ್ಬಿದ ಎಸಳಿನ ಮೇಲೆ ಅದನ್ನು ಕೂಡಿಸಿದರೆ ಅಂಚು ಮುಚ್ಚುವುದಿಲ್ಲ, ಚರ್ಮದ ಹಾಗೆ ಹತ್ತಿಕೊಳ್ಳುತ್ತದೆ. ಪರಿಚಯದ ಮಿಠಾಯಿಯವರಿಂದ ಒಂದು ಕಟ್ಟು ತಂದೆ. ಎಸಳಿಗೆ ನೀರಾದ ಗೋಂದನ್ನು ಕುಂಚದಲ್ಲಿ ಸವರಿ, ಅದು ಕೈಗೆ ಹತ್ತಿಯೂ ಹತ್ತದ ಹಾಗೆ ಆರುವ ತನಕ ಕಾದು, ವರಕಿನ ಹಾಳೆಯನ್ನು ಬೋರಲಿಟ್ಟು, ಹತ್ತಿಯ ಉಂಡೆಯಿಂದ ತಟ್ಟಿದೆ. ಮೂಗಿಗೆ ಸೆರಗು ಕಟ್ಟಿಕೊಂಡಿದ್ದೆ. ಆರಿದ ಮೇಲೆ ಒಣ ಕುಂಚದಿಂದ ಹೆಚ್ಚಾದದ್ದನ್ನು ತಳ್ಳಿದಾಗ ಕೆಳಗಿನ ಮಲ್ಲಿಗೆ ಎಸಳು ಎಸಳಾಗಿ ಹೊರಬಂತು. ಎಷ್ಟೋ ವರ್ಷ ಈ ಕೆಲಸ ಮಾಡಿದ್ದೇನೆ, ಅಂಥ ಹೂವು ನನ್ನ ಕೈಯಿಂದ ಬಂದಿರಲಿಲ್ಲ.

ಕಾರ್ಡಿಗೆ ಜೋಡಿ ಮಾಡಿಡುವುದು ನನ್ನ ರೂಢಿ. ಒಂದು ಹೋದೆಡೆ ಕೆಟ್ಟರೆ ಇನ್ನೊಂದು ಇರುತ್ತದೆ. ಹಾಗೆ ಎರಡು ಮಾಡಿ, ಒಂದಕ್ಕೆ ಕುಸುರೆಳ್ಳಿನ ಪುಡಕೆ ಹೊಲಿದು, ಪೆಟ್ಟಿಗೆಯಲ್ಲಿಟ್ಟು ಅಣ್ಣನ ಕೈಗೆ ಕೊಟ್ಟೆ. ಈ ಸಲ ಅವರಿಗೆ ಹೂವು ಕಂಡಿತು. ಬಾಗಿಲ ಬೆಳಕಿಗೆ ಒಯ್ಯಲೂ ಇಲ್ಲ. ವರಕಿಗೆ ಗಾಳಿ, ಕೈ ತಾಗಬಾರದು, ತಂಗಿಯೇ ಬಿಚ್ಚಲಿ, ನೀವು ಮತ್ತೆ ಬಿಚ್ಚಬೇಡಿ ಎಂದು ತಾಕೀತು ಮಾಡಿ ಕಳಿಸಿದೆ. ವರಕು ಹಚ್ಚಿ ನೋಡಿದ್ದ ಒಂದು ಮೊಗ್ಗಿನ ತುಂಡು ಮೇಜಿನ ಮೇಲಿತ್ತು. ಅದನ್ನೂ ಚಂದ ಕಂಡು ಕೇಳಿ ಒಯ್ದರು. ಸಂಕ್ರಮಣಕ್ಕೆ ಇನ್ನೂ ಸಾಕಷ್ಟು ದಿನವಿತ್ತು.

ಸಂಕ್ರಮಣದ ಮುನ್ನಾದಿನ, ಭೋಗಿಗೆ, ಮದುವೆ ಪತ್ರಿಕೆಯ ಪ್ರೂಫ್ ತೋರಿಸಲು ನಾನು ತಿಕೋಟಾಕ್ಕೆ ಹೋದೆ. ಅಣ್ಣ ಮದುವೆಯ ಮಾತಿಗೆಂದು ಬೀಗರ ಊರಿಗೆ ಹೋಗಿದ್ದರು. ಅವರ ಗುಮಾಸ್ತರು ಗೋದಾಮಿನ ಪಕ್ಕದ ಆಫೀಸು ಕೋಣೆಯಲ್ಲಿ ಕೂಡಿಸಿದರು. ಒಳಗೆ ಕಾಲಿಟ್ಟೊಡನೆ ಗಂಟಲು ಕೆರೆಯಿತು. ದ್ರಾಕ್ಷಿಯ ಹಂಗಾಮು ಬರುವುದಿತ್ತು, ಗಂಧಕದ ಚೀಲಗಳು ಬಂದು ಗೋಡೆಗೆ ಒರಗಿದ್ದವು. ಒಣದ್ರಾಕ್ಷಿಗೆ ಬಂಗಾರದ ಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುತ್ತಾರೆ. ಕಳೆದ ವರ್ಷದ ಉಳಿದ ಮಾಲಿಗೆ ಪಕ್ಕದ ಕೋಣೆಯಲ್ಲಿ ಎರಡು ವಾರದಿಂದ ಹೊಗೆ ಹಾಕುತ್ತಿದ್ದೇವೆ, ನಮಗೆ ವಾಸನೆ ರೂಢಿಯಾಗಿದೆ ಎಂದು ಗುಮಾಸ್ತರು ಕಿಟಕಿ ತೆಗೆದರು.

ಕಿಟಕಿಯ ಬೆಳಕು ಮೇಜಿನ ಮೇಲೆ ಬಿತ್ತು. ಅಲ್ಲಿ ಗಾಜಿನ ಕೆಳಗೆ ಅಲ್ಲ, ಮೇಲೆಯೇ, ದೇವರ ಫೋಟೋದ ಬುಡಕ್ಕೆ ಒರಗಿಸಿಟ್ಟ ನನ್ನ ಮೊಗ್ಗು ಇತ್ತು. ಅದು ಕಪ್ಪಾಗಿತ್ತು. ಮಸಿ ಹತ್ತಿದ ಹಾಗಲ್ಲ, ಬೆಳ್ಳಿಯೇ ಒಳಗಿನಿಂದ ಕಪ್ಪಾದ ಹಾಗೆ.

ಗಂಧಕಕ್ಕೆ ಬೆಳ್ಳಿ ತಡೆಯುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇ? ಕಾಲುಂಗುರ ಕಪ್ಪಾಗುವುದನ್ನು ಕಂಡವಳೇ ನಾನು. ವರಕು ಹಚ್ಚುವಾಗ ಗಾಳಿ, ನೀರು, ಕೈ ಬೆವರು ಎಲ್ಲ ಯೋಚಿಸಿದ್ದೆ. ಅದು ಹೋಗುವುದು ದ್ರಾಕ್ಷಿಯವರ ಮನೆಗೆ ಎಂಬುದನ್ನು ಯೋಚಿಸಿರಲಿಲ್ಲ. ಪೆಟ್ಟಿಗೆ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಗುಮಾಸ್ತರು ಚೀಲಗಳ ಹಿಂದಿನ ಕಪಾಟು ತೋರಿಸಿದರು. ನಿನ್ನೆಯೇ ಡ್ರೈವರ್ ಬಬಲೇಶ್ವರಕ್ಕೆ ಒಯ್ದು ತಂಗಿಯ ಕೈಗೇ ಕೊಟ್ಟು ಬಂದಿದ್ದಾನೆ, ಸಾಹುಕಾರರು ಪೆಟ್ಟಿಗೆ ಬಿಚ್ಚಬಾರದೆಂದು ಹೇಳಿದ್ದರಿಂದ ಯಾರೂ ಮುಟ್ಟಿಲ್ಲ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಇಡೀ ದಾರಿ ನನಗೆ ಕಂಡದ್ದು ಒಂದೇ: ವರ್ಷಗಳ ಮುನಿಸಿನ ತಂಗಿ ಪೆಟ್ಟಿಗೆ ತೆಗೆಯುತ್ತಾಳೆ, ಅಣ್ಣ ಹಬ್ಬಕ್ಕೆ ಕರಿ ಹೂವು ಕಳಿಸಿದ್ದಾನೆ. ಶುಭಕ್ಕೆ ಹೋದ ಕಾಗದದ ಮೇಲೆ ಕಪ್ಪು. ಮುರಿದದ್ದನ್ನು ಕೂಡಿಸಲು ನನ್ನಲ್ಲಿಗೆ ಬಂದವರ ಕೆಲಸವನ್ನು ನಾನೇ ಕೆಡಿಸಿದೆ ಅನ್ನಿಸಿತು.

ಮನೆಗೆ ಬಂದು ಜೋಡಿ ಕಾರ್ಡನ್ನು ತೆಗೆದು ನೋಡಿದೆ. ಅದು ಹಾಗೇ ಬೆಳ್ಳಗೆ ಹೊಳೆಯುತ್ತಿತ್ತು. ನಾಳೆ ಬೆಳಿಗ್ಗೆ ಬಬಲೇಶ್ವರಕ್ಕೆ ಹೋಗಿ ಇದನ್ನು ಕೊಟ್ಟು ವಿಷಯ ಹೇಳಿ ಬರುತ್ತೇನೆ ಎಂದೆ. ನಮ್ಮ ಮನೆಯವರು ಬೇಡ ಎಂದರು. ಮೊದಲು ಅಣ್ಣನಿಗೆ ಫೋನ್ ಮಾಡು, ಅವರ ಮನೆಯ ವಿಷಯ ಅವರು ನೋಡಲಿ ಎಂದರು. ಬೀಗರ ಮನೆಯಲ್ಲಿ ಕೂತವರಿಗೆ ಇದನ್ನೆಲ್ಲ ಹೇಳಿ ಮುಜುಗರ ಮಾಡುವುದೇ ಎಂದೆ ನಾನು.

“ಇನ್ನೂ ಯಾರೂ ಏನೂ ಅಂದಿಲ್ಲ,” ಎಂದರು ಅವರು. “ನೀ ಯಾಕ ಓಡಾಕತ್ತಿ?”

ಕೆಟ್ಟದ್ದು ನನ್ನ ಕೆಲಸ, ಸರಿ ಮಾಡಬೇಕಾದವಳು ನಾನು ಎಂದು ಜೋರು ಮಾಡಿದೆ. ಈಗ ಕೂತು ಯೋಚಿಸಿದರೆ, ಆ ಹೊತ್ತಿಗೆ ನನಗೆ ಅಣ್ಣ ತಂಗಿಯರ ಚಿಂತೆ ಎಷ್ಟಿತ್ತೋ ಮಲ್ಲಿಗೆಯ ಚಿಂತೆಯೂ ಅಷ್ಟೇ ಇತ್ತು. ಅಂಥ ಹೂವನ್ನು ಕಪ್ಪಾಗಿ ಒಬ್ಬರು ನೋಡಿದ್ದಾರೆ ಎನ್ನುವುದೇ ನನ್ನಿಂದ ಸಹಿಸಲಾಗಲಿಲ್ಲ.

ಸಂಕ್ರಮಣದ ದಿನ ಸುತ್ತಲಿನ ಊರೆಲ್ಲ ಜಾತ್ರೆಗೆಂದು ವಿಜಯಪುರಕ್ಕೆ ಬರುತ್ತದೆ, ಬಿಟ್ಟು ಹೋಗುವವರು ಕಡಿಮೆ. ಬಸ್ಸು ಖಾಲಿಯಿತ್ತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹೋದೆ. ವರಕು ಅಂದರೇನು, ಗಂಧಕ ಅಂದರೇನು, ಇದರಲ್ಲಿ ನಿಮ್ಮಣ್ಣನ ತಪ್ಪು ಹೇಗೆ ಇಲ್ಲ. ಇಳಿಯುವ ಹೊತ್ತಿಗೆ ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯಷ್ಟು ತಯಾರಾಗಿದ್ದೆ.

ತಂಗಿಯ ಮನೆ ಸಿಗುವುದು ತ್ರಾಸಾಗಲಿಲ್ಲ. ಬಾಗಿಲಲ್ಲಿ ಹಸನಾಗಿ ಸಾರಿಸಿ ರಂಗೋಲಿ ಹಾಕಿದ್ದರು. ಒಳಗಿನಿಂದ ಸಜ್ಜೆ ರೊಟ್ಟಿಯ, ಎಳ್ಳಿನ ವಾಸನೆ ಬರುತ್ತಿತ್ತು. ಐವತ್ತರ ಆಚೀಚಿನ, ಎತ್ತರದ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಬಂದರು. ವಿಜಯಪುರದಿಂದ ಬಂದೆ, ನಿಮಗೆ ಬಂದ ಕಾರ್ಡು ಮಾಡಿದವಳು ನಾನು ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಮುಖ ಅರಳಿತ್ತು.

“ನೀವ ಏನ್ರಿ ಅದನ್ನ ಮಾಡಿದಾಕಿ? ಬರ್ರಿ, ಒಳಗ ಬರ್ರಿ ಮೊದಲ. ನಿನ್ನಿ ಓಣಿ ಮಂದಿಗೆಲ್ಲ ತೋರಿಸೀನಿ ನಾ...”

ನಾನು ಅವರ ಮಾತನ್ನು ಮುಗಿಸಗೊಡಲಿಲ್ಲ. ಅವರು ಉಪಚಾರಕ್ಕೆ ಹಾಗೆನ್ನುತ್ತಿದ್ದಾರೆ, ಮನಸ್ಸಿನಲ್ಲಿ ಎಷ್ಟು ನೊಂದಿದ್ದಾರೋ ಎಂದುಕೊಂಡೆ. ಹೊಸ್ತಿಲ ಬಳಿ ನಿಂತೇ ಶುರು ಮಾಡಿದೆ. ಆ ಹೂವು ಹಾಗಿರಬೇಕಾದದ್ದಲ್ಲ, ಬೆಳ್ಳಿಯ ವರಕು ಹಚ್ಚಿದ್ದೆ, ದ್ರಾಕ್ಷಿ ಗೋದಾಮಿನಲ್ಲಿ ಇಟ್ಟದ್ದಕ್ಕೆ ಗಂಧಕ ಬಡಿದು ಕಪ್ಪಾಗಿದೆ, ಅದು ನಿಮ್ಮಣ್ಣನಿಗೆ ಗೊತ್ತೇ ಇಲ್ಲ, ಅವರ ಕಣ್ಣೂ ಮಂಜು, ನಾನೇ ಪೆಟ್ಟಿಗೆ ಬಿಚ್ಚಬೇಡಿ ಎಂದಿದ್ದೆ, ದಯವಿಟ್ಟು ಅಪಶಕುನ ಎಂದು ತಿಳಿಯಬೇಡಿ, ಇಗೋ ಕಾರ್ಡು ಹೇಗಿರಬೇಕಾಗಿತ್ತೋ ಹಾಗಿರುವುದು ಎಂದು, ಪೆಟ್ಟಿಗೆ ತೆಗೆದು ಬೆಳ್ಳಿ ಮಲ್ಲಿಗೆಯನ್ನು ಅವರ ಮುಂದೆ ಹಿಡಿದೆ. ಒಂದು ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿದ್ದೆ. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಅವರು ಬಿಳಿ ಕಾರ್ಡನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ಅಂದ್ರ ಕರೀ ಹೂವ ಮಾಡ್ರಿ ಅಂತ ಅಣ್ಣ ಹೇಳಿದ್ದಿಲ್ಲೇನ್ರಿ?”

“ಇಲ್ರೀ ಅಕ್ಕಾರ,” ಎಂದೆ ನಾನು, ಅವರಿಗೆ ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡು. “ಬಿಳೀ ಮಲ್ಲಿಗಿ ಅಂತನ ಹೇಳಿದ್ರು.”

ಅವರು ಹೊರಸಿನ ಮೇಲೆ ಕೂತರು. ಅವರು ಉಟ್ಟದ್ದು ಕಪ್ಪು ಸೀರೆ ಎನ್ನುವುದು ಆಗ ನನ್ನ ಕಣ್ಣಿಗೆ ಬಿತ್ತು. ಗೋಡೆಯೊಳಗಿನ ದೇವರ ಮಾಡದಲ್ಲಿ ನನ್ನ ಕಪ್ಪು ಮಲ್ಲಿಗೆಯ ಕಾರ್ಡು ಇತ್ತು, ಅದರ ಮುಂದೆ ಒಂದು ಹಿಡಿ ಎಳ್ಳು. ಗೋಡೆಯ ಪಕ್ಕಕ್ಕೆ ಊರಿಗೆ ಹೋಗುವವರ ಚೀಲ ಕಟ್ಟಿ ಇಟ್ಟಿತ್ತು. ಎಲ್ಲ ಮೊದಲಿನಿಂದಲೂ ಅಲ್ಲೇ ಇದ್ದದ್ದು. ನನಗೆ ನನ್ನ ಮಾತೇ ಮುಂದಾಗಿತ್ತು.

ಸೆರಗು ಸರಿ ಮಾಡಿಕೊಂಡು ಅವರೇ ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ, ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು.

“ನಮ್ಮವ್ವ ಸಂಕ್ರಮಣಕ್ಕ ಚಂದ್ರಕಾಳಿ ಸೀರಿ ಉಡ್ತಿದ್ದಳ್ರಿ. ಕರೀ ಮೈ, ಕೆಂಪ ಸೆರಗು. ಪ್ರತಿ ವರ್ಷಾ ಅದನ್ನ. ಅವ್ವ ಸತ್ತ ಮ್ಯಾಲೆ ಅದೊಂದು ನನಗ ಕೊಡು ಅಂತ ಅಣ್ಣಗ ಅಂದೆ. ಆ ಹಳೇ ಕರೀ ಅರಿವಿ ತಗೊಂಡು ಏನ್ ಮಾಡ್ತಿ ಅಂದ, ನಮ್ಮ ಮನಿಯವರ ಮುಂದ. ಅಷ್ಟರಾಗ ಅದನ್ನ ಹರದು ಕೌದಿಗೆ ಹಚ್ಚಿಬಿಟ್ಟಿದ್ರು. ಅವತ್ತ ಎದ್ದು ಬಂದಾಕಿ ನಾ ತಿರುಗಿ ಹೋಗಿಲ್ಲ.”

ಆಮೇಲೆ ದೇವರ ಮಾಡದ ಕಡೆ ಕೈ ತೋರಿಸಿದರು.

“ಪೆಟ್ಟಿಗಿ ತಗದು ಕರೀ ಹೂವ ನೋಡಿದೆ. ಅಣ್ಣಗ ನೆನಪ ಐತಿ ಅಂದ್ಕೊಂಡೆ. ತಪ್ಪಾತು ಅಂತ ಬಾಯಿಲೆ ಹೇಳಾಕ ಆಗಲಾರದ್ದಕ್ಕ ಹಿಂಗ ಮಾಡಿ ಕಳಿಸ್ಯಾನ ಅಂದ್ಕೊಂಡೆ.”

ಕೌದಿ ಎಂದರೆ ಹಳೆಯ ಸೀರೆಗಳನ್ನು ತುಂಡು ಮಾಡಿ ಹೊಲಿಯುವ ಹೊದಿಕೆ. ನಮ್ಮ ಎಲ್ಲರ ಮನೆಯಲ್ಲೂ ಸತ್ತವರ ಸೀರೆ ಹಾಗೆ ಸೇರಿಹೋಗುತ್ತದೆ, ಯಾರೂ ಅದನ್ನು ತಪ್ಪೆಂದು ತಿಳಿಯುವುದಿಲ್ಲ. ಸಂಕ್ರಮಣಕ್ಕೆ ಕೆಲವರ ಮನೆಯಲ್ಲಿ ಕಪ್ಪು ಸೀರೆ ಉಡುತ್ತಾರೆ, ಆ ಒಂದು ದಿನ ಕಪ್ಪೇ ಶುಭ ಎನ್ನುವುದೂ ನಾನು ಕೇಳದ್ದಲ್ಲ. ನಮ್ಮ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. ಬಸ್ಸಿನಲ್ಲಿ ಅಷ್ಟೆಲ್ಲ ಯೋಚಿಸಿದವಳಿಗೆ ಅದೊಂದು ಹೊಳೆಯಲಿಲ್ಲ.

ನಾನು ಏನೇನೋ ಹೇಳಲು ನೋಡಿದೆ. ನಿಮ್ಮಣ್ಣ ತಾವೇ ಬಂದು ನನ್ನ ಕೋಣೆಯಲ್ಲಿ ಕೂತು ಕೇಳಿದರು, ತಂಗಿ ತವರಿಗೆ ಬರಬೇಕು, ಮತ್ತೇನೂ ಬೇಡ ಎಂದರು, ಬಿಳಿ ಹೂವು ನಿಮಗೆ ಕಾಣಲಿಕ್ಕಿಲ್ಲವೆಂದು ಎರಡನೇ ಸಲ ಮಾಡಿಸಿದರು. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಒಂದೂ ಸುಳ್ಳಲ್ಲ ಎಂದು ಅವರಿಗೂ ಗೊತ್ತಿತ್ತು.

“ಕರಿಯೂದು ಖರೇನ ಕರದಾನ ಬಿಡ್ರಿ. ಮಗಳ ಲಗ್ನ ಐತಿ, ಅತ್ತಿ ಬೇಕಲ್ಲ,” ಎಂದು ಎದ್ದರು.

ಹಬ್ಬದ ದಿನ ಬಂದವಳನ್ನು ಉಣ್ಣಿಸದೆ ಕಳಿಸಲಿಲ್ಲ. ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ, ಮೇಲೆ ತುಪ್ಪ. ನಾನು ತಲೆ ಎತ್ತದೆ ಉಂಡೆ. ಹಣೆಗೆ ಕುಂಕುಮ ಹಚ್ಚಿ, ಕೈಗೆ ಕುಸುರೆಳ್ಳು ಕೊಟ್ಟು, ಹಬ್ಬದ ಮಾತು ಹೇಳಿದರು. ನಾಡಿದ್ದು, ಹಬ್ಬದ ಮರುದಿನದ ಕರಿ ಕಳೆದ ಮೇಲೆ ತಿಕೋಟಾಕ್ಕೆ ಹೋಗಲು ಚೀಲ ಕಟ್ಟಿದ್ದರಂತೆ. ಅದನ್ನು ಅವರು ಹೇಳಲಿಲ್ಲ, ಬಡಿಸುತ್ತಿದ್ದ ಸೊಸೆ ಹೇಳಿದಳು. ಹೊರಡುವಾಗ ಬಿಳಿ ಮಲ್ಲಿಗೆಯನ್ನು ಮಾಡದಲ್ಲಿಟ್ಟು, ಕಪ್ಪು ಮಲ್ಲಿಗೆಯನ್ನು ಪೆಟ್ಟಿಗೆಗೆ ಹಾಕಿ ನನಗೆ ಕೊಟ್ಟರು. ಇರಲಿ ಅಕ್ಕಾರ, ಅದೂ ನಿಮ್ಮದೇ ಎಂದೆ. ನಿಮ್ಮ ಕೆಲಸ ಕೆಟ್ಟದ್ದು ಎಂದಿರಿ, ಕೆಟ್ಟದ್ದು ಮಂದಿಯ ಮನೆಯಲ್ಲಿ ಯಾಕಿರಬೇಕು ಎಂದರು. ಚುಚ್ಚಿ ಆಡಿದ ಮಾತಲ್ಲ. ನನ್ನ ಕಾಳಜಿಯನ್ನು ಅವರು ಹಾಗೆ ಅರ್ಥ ಮಾಡಿಕೊಂಡಿದ್ದರು, ಅಥವಾ ನಾನೇ ಹಾಗೆ ಅರ್ಥವಾಗುವಂತೆ ಹೇಳಿದ್ದೆ.

ತಿರುಗಿ ಬರುವಾಗ ಆ ಕಾರ್ಡನ್ನು ತೆಗೆದು ನೋಡಿದೆ. ಬೆಳ್ಳಿ ಪೂರ್ತಿ ಕಪ್ಪಾಗಿರಲಿಲ್ಲ. ಎಸಳಿನ ಉಬ್ಬಿದ ತುದಿಗಳಲ್ಲಿ ನೀಲಿ ಹೊಳಪು, ತಗ್ಗಿನಲ್ಲಿ ಗಾಢ ಕಪ್ಪು. ಇಲಕಲ್ಲ ಸೀರೆಯ ರೇಷ್ಮೆ ಬಿಸಿಲಿನಲ್ಲಿ ಹೊರಳಿದ ಹಾಗೆ ಇತ್ತು. ನಾನು ಮಾಡಬೇಕೆಂದು ಕೂತರೂ ಮಾಡಲಾಗದ ಹೂವು ಅದು. ಅದಕ್ಕೆ ಕೆಟ್ಟ ಕೆಲಸ ಎಂದು ಹೆಸರಿಟ್ಟು, ಹೊತ್ತುಕೊಂಡು ಹೋಗಿ ಹೇಳಿ ಬಂದಿದ್ದೆ. ಕಣ್ಣಲ್ಲಿ ನೀರು ಬಂತು. ಕಂಡಕ್ಟರ್ ಟಿಕೆಟ್ ಕೇಳಿದ್ದು ಎರಡು ಸಲ ಕೇಳಿಸಲಿಲ್ಲ.

ಅಣ್ಣನಿಗೆ ಫೋನ್ ಮಾಡಿ ಹೇಳಬೇಕು ಎಂದು ದಿನಾ ಅಂದುಕೊಂಡೆ, ಮಾಡಲಿಲ್ಲ. ಏನೆಂದು ಹೇಳುವುದು? ಅಷ್ಟರಲ್ಲಿ ಪತ್ರಿಕೆಗಳು ಅಚ್ಚಾದವು, ಡ್ರೈವರ್ ಬಂದು ಮೊದಲ ಕಟ್ಟು ಒಯ್ದ. ಅಣ್ಣ ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟು, ಎರಡನೆಯದನ್ನು ತೆಗೆದುಕೊಂಡು ಹೆಂಡತಿಯ ಜೊತೆ ನೇರ ಬಬಲೇಶ್ವರಕ್ಕೆ ಹೋದರೆಂದು ಆಮೇಲೆ ತಿಳಿಯಿತು.

ಅಲ್ಲಿಂದ ಬಂದ ಮರುದಿನ ಅವರು ನನ್ನ ಕೋಣೆಗೆ ಬಂದರು. ಈ ಸಲ ಬಾಗಿಲು ತಳ್ಳಲಿಲ್ಲ, ಹೊರಗೆ ನಿಂತು ಕೆಮ್ಮಿದರು. ಅದೇ ಪೆಟ್ಟಿಗೆಯ ಮೇಲೆ ಕೂತು ಹೇಳಿದರು: ತಂಗಿ ಕಾಲಿಗೆ ನೀರು ಕೊಟ್ಟಳು, ಉಣ್ಣಿಸಿದಳು, ಪತ್ರಿಕೆಯನ್ನು ಕಣ್ಣಿಗೆ ಒತ್ತಿಕೊಂಡಳು. ಅಕ್ಕಿಕಾಳು ಹಾಕುವ ಹೊತ್ತಿಗೆ ಬಂದು ಹೋಗುತ್ತೇನೆ, ಅತ್ತೆಯ ಶಾಸ್ತ್ರ ಮಾತ್ರ ಬೇರೆ ಯಾರಿಗಾದರೂ ಹೇಳು ಎಂದಳು. ಮಾಡದಲ್ಲಿ ನಿಮ್ಮ ಕಾರ್ಡು ಇತ್ತು, ಚಂದ ಹೊಳೆಯುತ್ತಿತ್ತು, ನನ್ನ ಕಣ್ಣಿಗೂ ಕಂಡಿತು. ಮತ್ತೆ ಯಾಕೆ ಹೀಗಂದಳು, ನನಗೆ ತಿಳಿಯಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಕಪಾಟು, ಗಂಧಕ, ನಾನು ಬಸ್ಸು ಹತ್ತಿದ್ದು, ಹೊಸ್ತಿಲಲ್ಲಿ ನಿಂತು ಆಡಿದ್ದು, ಅವರ ಅವ್ವನ ಸೀರೆ. ಒಂದನ್ನೂ ಬಿಡಲಿಲ್ಲ. ಬೈಯುತ್ತಾರೆ, ಬೈಯಲಿ ಎಂದು ಕಾದಿದ್ದೆ. ಅವರು ಬೈಯಲಿಲ್ಲ. ಸೀರೆಯ ಮಾತು ಬಂದಾಗ ಮಾತ್ರ ಒಮ್ಮೆ ಮುಖ ಮೇಲೆತ್ತಿ, ಹೌದು, ಹಾಗಂದಿದ್ದೆ ಎಂದರು. ಅದೇ ಕಾರಣ ಎಂದು ಇಷ್ಟು ವರ್ಷ ಅವರಿಗೆ ಗೊತ್ತಿರಲಿಲ್ಲ. ಹೊಲದ ಪಾಲಿನ ವಿಷಯಕ್ಕೆ ಮುನಿದಿದ್ದಾಳೆ ಎಂದೇ ತಿಳಿದಿದ್ದರಂತೆ.

ಮುಂದಿನ ಅಂಗಡಿಯಲ್ಲಿ ಯಾರೋ ಗಿರಾಕಿ ಪತ್ರಿಕೆಯ ಬಣ್ಣದ ಬಗ್ಗೆ ವಾದ ಮಾಡುತ್ತಿದ್ದರು. ಅಣ್ಣ ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು. ಆಮೇಲೆ ಕೇಳಿದರು.

“ನೀವು ಹೋಗೂಕಿಂತ ಮೊದಲ ಆಕಿ ಬರಾಕ ತಯಾರಾಗಿದ್ದಳೇನ್ರಿ?”

“ಹೌದ್ರಿ. ಚೀಲ ಕಟ್ಟಿಟ್ಟಿದ್ರು.”

“ಕಾರ್ಡು ಆಕಿ ಕೈ ಸೇರಿ ಎಷ್ಟ ದಿನ ಆಗಿತ್ತು ಅಷ್ಟೊತ್ತಿಗೆ?”

“ಎರಡ ದಿನ.”

ಅವರು ಎದ್ದು ಟೊಪ್ಪಿಗೆ ಸರಿ ಮಾಡಿಕೊಂಡರು. ಬಾಗಿಲಿಗೆ ಹೋದವರು ನನ್ನ ಕಡೆ ತಿರುಗಲಿಲ್ಲ.

“ಹಂಗಾರ ಎರಡ ದಿನಾರ ನಾ ಆಕೀಗಿ ಚಲೋ ಅಣ್ಣ ಆಗಿದ್ದೆ,” ಎಂದರು.